ಹುಚ್ಚವ್ವ ಹೊಚ್ಚಿದ ಕಂಬಳಿ

ನನ್ನ ಮೈ ಬೆವರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ನಮ್ಮ ಮನೆಗೆ ಏ.ಸಿ. ಯಾಕೆ ಬಂತೆಂದು ಇಳಕಲ್ಲಿನ ಮಂದಿ ಕಟ್ಟಿದ ಕತೆಗಳನ್ನೇ ನೀವೂ ನಂಬಿಬಿಡುತ್ತೀರಿ. ಸೀರೆ ವ್ಯಾಪಾರದಲ್ಲಿ ನನ್ನ ಅಪ್ಪ ಹೊಳಬಸಪ್ಪನಿಗೆ ಸೊಕ್ಕು ಬಂದಿದೆ, ಮಗಳನ್ನು ಥಂಡಿ ಕೋಣೆಯಲ್ಲಿಟ್ಟು ಸಾಕುತ್ತಾನೆ ಎಂದು ಆಡಿಕೊಂಡವರು ಎಷ್ಟೋ ಜನ. ಸೊಕ್ಕೂ ಇಲ್ಲ, ಸುಡುಗಾಡೂ ಇಲ್ಲ. ಹುಟ್ಟಿನಿಂದಲೇ ನನ್ನ ಚರ್ಮದಲ್ಲಿ ಬೆವರು ಬರುವ ಏರ್ಪಾಡು ಇಲ್ಲ. ಬಿಸಿಲೇರಿದರೆ ಉಳಿದವರ ಮೈ ಬೆವರಿ ತಣ್ಣಗಾಗುತ್ತದೆ, ನನ್ನ ಮೈ ಹಂಚಿನಂತೆ ಕಾಯುತ್ತಲೇ ಹೋಗುತ್ತದೆ. ಕಾದು ಕಾದು ಎಚ್ಚರ ತಪ್ಪುತ್ತದೆ. ಆಮೇಲೂ ಕಾದರೆ ಜೀವ ಹೋಗುತ್ತದೆ. ವಿಷಯ ಇಷ್ಟೇ.

ಆದರೆ ನಾನು ಬರೆಯಲು ಕುಳಿತದ್ದು ನನ್ನ ಬಗ್ಗೆ ಅಲ್ಲ, ಹುಚ್ಚವ್ವನ ಬಗ್ಗೆ. ಆಕೆಯ ಬಗ್ಗೆ ಬರೆಯುವವರು ನನ್ನನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬಾದಾಮಿ ತಾಲೂಕಿನ ಕುಳಗೇರಿ ಕ್ರಾಸಿನಿಂದ ಒಳಗೆ ನಡೆದು ಹೋಗುವಂಥ ಒಂದು ಸಣ್ಣ ಹಳ್ಳಿ ಆಕೆಯದು. ಬೀರಪ್ಪ ದೇವರ ಒಕ್ಕಲು, ಕುರಿ ಕಾಯುವ ಮನೆತನ. ಗಂಡ ಕಾಳಪ್ಪ ಕುರಿ ಹಿಂಡಿನ ಹಿಂದೆ ಊರೂರು ತಿರುಗುವವನು. ಒಂದು ವರ್ಷ ಕುರಿಗಳಿಗೆ ಬೇನೆ ಬಂದು ಹಿಂಡಿಗೆ ಹಿಂಡೇ ಮಲಗಿತು. ಅದೇ ಕೊರಗಿನಲ್ಲಿ ಕಾಳಪ್ಪನೂ ಹಾಸಿಗೆ ಹಿಡಿದ, ಮತ್ತೆ ಏಳಲಿಲ್ಲ. ಹುಚ್ಚವ್ವನಿಗೆ ಉಳಿದದ್ದು ಒಂದು ಕರಿಯ ಕಂಬಳಿ. ತಮ್ಮ ಕುರಿಗಳ ಉಣ್ಣೆಯನ್ನು ಆಕೆ ನೂತು ಕೊಟ್ಟಿದ್ದಳು, ಕಾಳಪ್ಪ ತನ್ನ ಕೈಯಾರೆ ನೇಯ್ದಿದ್ದ. ಆ ಮಂದಿಗೆ ಕಂಬಳಿಯೆಂದರೆ ಬರೀ ಹೊದಿಕೆಯಲ್ಲ. ದೇವರನ್ನು ಕೂರಿಸುವುದು ಕಂಬಳಿಯ ಮೇಲೆ, ಮದುಮಕ್ಕಳನ್ನು ಕೂರಿಸುವುದು ಕಂಬಳಿಯ ಮೇಲೆ, ಕಡೆಗೆ ಮಣ್ಣಿಗಿಡುವುದೂ ಕಂಬಳಿಯಲ್ಲಿ.

ನನ್ನ ಅವ್ವ ಸಾವಿತ್ರೆವ್ವನ ತವರೂ ಆ ಕಡೆಯದೇ. ನಾನು ಹುಟ್ಟಿದಾಗ ಬಾಣಂತನಕ್ಕೆ ಬಂದ ಹುಚ್ಚವ್ವ, ಕೂಸಿನ ಮೈ ಕೆಂಡದಂತೆ ಕಾಯುವುದನ್ನು ನೋಡಿ, ‘ಇದರ ಜ್ವರಾ ಇಳದ ಮ್ಯಾಲ ಹೋಗ್ತೇನಿ’ ಎಂದಳಂತೆ. ಆ ಜ್ವರ ಇಳಿಯುವಂಥದ್ದೇ ಅಲ್ಲ. ಆಕೆಯೂ ಹೋಗಲಿಲ್ಲ.

ಎಲ್ಲರೂ ದೃಷ್ಟಿ ತಾಕಿದೆ ಎಂದರು. ಹುಚ್ಚವ್ವ ಬೀರಪ್ಪನ ಗುಡಿಯ ಅರಿಸಿನ ಪುಡಿ, ಭಂಡಾರ, ತಂದು ನನ್ನ ಹಣೆ, ಎದೆಗೆಲ್ಲ ಬಳಿದಳು. ಕಡೆಗೆ ಹುಬ್ಬಳ್ಳಿಯ ಡಾಕ್ಟರೊಬ್ಬರು ನೋಡಿ, ಇದಕ್ಕೆ ಔಷಧವಿಲ್ಲ, ತಂಪಾಗಿ ಇಟ್ಟುಕೊಳ್ಳುವುದೊಂದೇ ದಾರಿ ಎಂದರು. ಇಳಕಲ್ಲಿನಲ್ಲಿ ತಂಪು! ಕಲ್ಲು ಗಣಿಗಳ ನಾಡಿನಲ್ಲಿ ಶಿವರಾತ್ರಿ ಕಳೆದ ಮೇಲೆ ನೆಲ, ಗೋಡೆ, ಗಾಳಿ ಎಲ್ಲ ಕಾಯುತ್ತವೆ. ಹುಚ್ಚವ್ವ ಹಗಲೆಲ್ಲ ನನ್ನ ಮೈಗೆ ಒದ್ದೆ ಧೋತರ ಸುತ್ತುವುದು, ಆರಿದರೆ ಮತ್ತೆ ನೆನೆಸುವುದು. ಹಾಗೇ ನಾನು ಎರಡನೇ ಇಯತ್ತೆಯವರೆಗೆ ಬದುಕಿದೆ. ಬದುಕಿಸಿದಳು ಎನ್ನಬೇಕು.

ಎಪ್ಪತ್ತಾರರ ಚಳಿಗಾಲದಲ್ಲಿ ಅಪ್ಪ ಮುಂಬಯಿಯಿಂದ ಏ.ಸಿ. ತರಿಸಿದರು. ಬಾಗಲಕೋಟೆ ಸ್ಟೇಷನ್ನಿನಲ್ಲಿ ಇಳಿಸಿ, ಹುನಗುಂದದ ಮೇಲೆ ಲಾರಿಯಲ್ಲಿ ತಂದರು. ಅದರ ಹಿಂದೆಯೇ ಬಾಗಲಕೋಟೆಯ ಮೆಕ್ಯಾನಿಕ್ ಫಕ್ರುಸಾಬ ಬಂದ. ಸೋಲಾಪುರದ ಗಿರಣಿಯಲ್ಲಿ ಕೆಲಸ ಕಲಿತವನು, ಮಾತು ಕಡಿಮೆ, ಬಾಯಲ್ಲಿ ಸದಾ ಎಲೆ ಅಡಿಕೆ. ಹಿತ್ತಲ ಗೋಡೆ ಒಡೆದು, ಅರ್ಧ ಒಳಗೆ ಅರ್ಧ ಹೊರಗೆ ಇರುವಂತೆ ಆ ಪೆಟ್ಟಿಗೆಯನ್ನು ಕೂರಿಸಿದ. ಅದು ಪಡುವಣ ಗೋಡೆ. ‘ಮಧ್ಯಾಹ್ನದ ಬಿಸಲ ನೇರ ಬೀಳ್ತೈತ್ರಿ ಸಾವ್ಕಾರ್ರ, ಬ್ಯಾರೆ ಗ್ವಾಡಿ ನೋಡ್ರಿ’ ಎಂದ. ಬೇರೆ ಗೋಡೆಗಳ ಆಚೆ ಅಕ್ಕಪಕ್ಕದವರ ಮನೆಗಳು. ಅಪ್ಪ ಇಲ್ಲಿಯೇ ಇರಲಿ ಎಂದರು. ಮಷಿನ್ ಹೇಗೆ ಚಾಲೂ ಮಾಡುವುದು, ಹೇಗೆ ನಿಲ್ಲಿಸುವುದು ಎಂದು ಫಕ್ರುಸಾಬ ಅಪ್ಪನಿಗೂ ಅಂಗಡಿಯ ಗುಮಾಸ್ತನಿಗೂ ತೋರಿಸಿಕೊಟ್ಟ. ಹುಚ್ಚವ್ವ ಆಗ ಒಡೆದ ಗೋಡೆಯ ಮಣ್ಣು ಬುಟ್ಟಿಯಲ್ಲಿ ತುಂಬಿ ಹೊರಗೆ ಸುರಿಯುತ್ತಿದ್ದಳು.

ಬೇಸಿಗೆ ಬಂತು. ಅಯ್ಯೋ ಶಿವನೇ, ನಮ್ಮ ಮನೆಗೆ ಎಷ್ಟು ಬೀಗರು, ಎಷ್ಟು ಗೆಳೆಯರು ಹುಟ್ಟಿಕೊಂಡರು! ನನ್ನ ಆರೋಗ್ಯ ವಿಚಾರಿಸಲು ಮಂದಿಗೆ ಸರಿಯಾಗಿ ಮಟಮಟ ಮಧ್ಯಾಹ್ನವೇ ನೆನಪಾಗುತ್ತಿತ್ತು. ಅಪ್ಪನ ಸೋದರಮಾವ ಸಂಗಯ್ಯಜ್ಜ ಊಟ ಮಾಡಿ ಬಂದು, ‘ಕೂಸು ಹ್ಯಾಂಗೈತಿ?’ ಎಂದು ಕೇಳಿ, ಉತ್ತರ ಬರುವುದರೊಳಗೆ ನನ್ನ ಮಂಚದ ಪಕ್ಕ ಗೊರಕೆ ಹೊಡೆಯುತ್ತಿದ್ದ. ಹೋಗುವವರು ಬಾಗಿಲು ತೆರೆದಿಟ್ಟು ಹೊಸ್ತಿಲ ಮೇಲೆ ನಿಂತು ಮಾತಾಡುವರು. ಹುಚ್ಚವ್ವ ಯಾರ ಮುಲಾಜೂ ನೋಡುತ್ತಿರಲಿಲ್ಲ.

‘ಒಳಗ ಇರ್ತಿದ್ರ ಒಳಗಿರ್ರಿ, ಹೊರಗ ಹೋಗ್ತಿದ್ರ ಹೊರಗ ಹೋಗ್ರಿ. ಬಾಗಲದಾಗ ನಿಂತು ನನ್ನ ಕೂಸಿನ ತಂಪು ಓಣಿಗೆ ಹಂಚಬ್ಯಾಡ್ರಿ!’

ಆ ವರ್ಷದ ಮೇ ತಿಂಗಳಲ್ಲಿ ಬಿಸಿಲು ಬಿಸಿಲಾಗಿರಲಿಲ್ಲ, ಬೆಂಕಿಯಾಗಿತ್ತು. ಒಂದು ಮಧ್ಯಾಹ್ನ ಹುಚ್ಚವ್ವ ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಮಷಿನ್ನಿನ ಬೆನ್ನು ಮುಟ್ಟಿ ನೋಡಿದಳು. ಕೈ ಚುರ್ ಎಂದಿತು. ಒಳಗೆ ತನ್ನ ಕೂಸನ್ನು ತಣ್ಣಗಿಡುವ ಪ್ರಾಣಿ ಹೊರಗೆ ಹೀಗೆ ಬಿಸಿಲಲ್ಲಿ ಬೇಯುತ್ತಿದೆ! ಮಳೆಗೆ, ಚಳಿಗೆ, ಬಿಸಿಲಿಗೆ ಎಲ್ಲಕ್ಕೂ ಆಕೆ ಕಂಡದ್ದು ಒಂದೇ ಮದ್ದು. ಒಳಗೆ ಹೋಗಿ ಕಾಳಪ್ಪನ ಕಂಬಳಿ ತಂದಳು. ಎರಡು ಮಡಿಕೆ ಮಾಡಿ, ಮಷಿನ್ನಿನ ಬೆನ್ನಿಗೆ ಸುತ್ತಲೂ ಬಿಗಿಯಾಗಿ ಹೊಚ್ಚಿ, ಹಗ್ಗದಿಂದ ಕಟ್ಟಿದಳು. ಅದಕ್ಕಿಂತ ಹೆಚ್ಚಿನ ಮರ್ಯಾದೆ ಆಕೆಯ ಹತ್ತಿರ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಕೋಣೆಯ ತಂಪು ಕಡಿಮೆಯಾಯಿತು. ಮಷಿನ್ ಏದುಸಿರು ಬಿಡುವಂತೆ ಗುಂಯ್‌ಗುಡತೊಡಗಿತು. ಹುಚ್ಚವ್ವ ಗುಂಡಿ ತಿರುಗಿಸಿ ಕಟ್ಟಕಡೆಯ ಥಂಡಿಗೆ ಇಟ್ಟಳು. ಮಷಿನ್ ನಿಂತೇಹೋಯಿತು. ಆಕೆ ಬಂದ್ ಮಾಡಿ ಚಾಲೂ ಮಾಡಿದಳು, ಮತ್ತೆ ಬಂದ್, ಮತ್ತೆ ಚಾಲೂ. ಬಿಸಿಲು ಎಲ್ಲೋ ಸಂದಿಯಿಂದ ತಾಕಿರಬೇಕೆಂದು ಹಿತ್ತಲಿಗೆ ಓಡಿ ಕಂಬಳಿಯನ್ನು ಇನ್ನಷ್ಟು ಜಗ್ಗಿ ಕಟ್ಟಿ ಬಂದಳು. ಆಗ ಪ್ಲಗ್ಗಿನಿಂದ ಸುಟ್ಟ ವಾಸನೆ, ಹೊಗೆ. ಅವ್ವ ಅಡುಗೆಮನೆಯಿಂದ ಓಡಿಬಂದು ಗೋಡೆಯ ಮೇನ್ ಸ್ವಿಚ್ ಎಳೆದಳು.

ಅಷ್ಟರಲ್ಲಿ ನನಗೆ ಫಿಟ್ಸು ಬಂದಿತ್ತು. ನನಗೆ ನೆನಪಿರುವುದು ನೀರು ಮಾತ್ರ. ಹುಚ್ಚವ್ವ ನನ್ನನ್ನು ಎತ್ತಿಕೊಂಡು ಹಿತ್ತಲಿಗೆ ಓಡಿ, ಬೇವಿನ ಮರದ ಕೆಳಗಿದ್ದ ದನದ ಕಲ್ಲುಬಾನಿಯಲ್ಲಿ ಇಳಿದು ಕುಳಿತಿದ್ದಳು. ನನ್ನ ತಲೆ ಆಕೆಯ ಎದೆಗೆ ಆನಿಸಿತ್ತು, ಮೈಯೆಲ್ಲ ನೀರಿನಲ್ಲಿತ್ತು. ಅವ್ವ ಬಾವಿಯಿಂದ ಸೇದಿ ಸೇದಿ ನಮ್ಮಿಬ್ಬರ ಮೇಲೆ ಸುರಿಯುತ್ತಿದ್ದಳು. ‘ಬೀರಪ್ಪ, ನನ್ನ ಒಯ್ಯಿ, ಇದನ್ನ ಬಿಡು. ನನ್ನ ಒಯ್ಯಿ, ಇದನ್ನ ಬಿಡು’ ಎಂದು ಆಕೆ ಅನ್ನುತ್ತಲೇ ಇದ್ದಳಂತೆ. ದವಾಖಾನೆಯಿಂದ ಡಾಕ್ಟರು ಬರುವ ಹೊತ್ತಿಗೆ ನಾನು ಕಣ್ಣು ಬಿಟ್ಟಿದ್ದೆ.

ಅಂದೇ ಸಂಜೆಯ ಬಸ್ಸಿಗೆ ಗುಮಾಸ್ತನನ್ನು ಬಾಗಲಕೋಟೆಗೆ ಕಳಿಸಿದರು. ಮರುದಿನ ಮುಂಜಾನೆ ಫಕ್ರುಸಾಬ ಚೀಲ ಹೊತ್ತು ಬಂದ. ಮಷಿನ್ ಮುಂಬಯಿಯವರು ಮೋಸ ಮಾಡಿ ಕೊಟ್ಟಿದ್ದಾರೆಂದು ಅಪ್ಪ ಉರಿಯುತ್ತಿದ್ದರು. ಫಕ್ರುಸಾಬ ಹಿತ್ತಲಿಗೆ ಹೋದ. ಹೋದವನು ಅಲ್ಲೇ ನಿಂತ. ಗಡಿಬಿಡಿಯಲ್ಲಿ ಕಂಬಳಿ ಬಿಚ್ಚುವುದು ಯಾರಿಗೂ ಹೊಳೆದಿರಲಿಲ್ಲ.

‘ಇದನ್ನ ಯಾರು ಕಟ್ಟಿದ್ರಿ?’

‘ನಾನ ಹೊಚ್ಚೇನಿ’ ಎಂದಳು ಹುಚ್ಚವ್ವ. ‘ಬಿಸಲಾಗ ಸುಡಾಕತ್ತಿತ್ತು, ಅದಕ್ಕ.’

ಫಕ್ರುಸಾಬ ಹಗ್ಗ ಬಿಚ್ಚಿ ಕಂಬಳಿ ಕೆಳಗಿಳಿಸಿದ. ‘ಯವ್ವಾ, ಈ ಮಷಿನ್ ಹೊಸಾದಾಗಿ ಥಂಡಿ ಹುಟ್ಟಸೂದಿಲ್ಲ. ಕ್ವಾಣ್ಯಾಗಿನ ಸೆಕಿ ಹೊತ್ತು ತಂದು ಈ ಹಿಂದಿನ ಬಾಯಿಲೆ ಹೊರಗ ಒಗೀತೈತಿ. ನೀ ಆ ಬಾಯಿನ ಕಟ್ಟಿಬಿಟ್ಟಿ.’

ಹುಚ್ಚವ್ವ ಮಷಿನ್ ನೋಡಿದಳು, ಕಂಬಳಿ ನೋಡಿದಳು. ಬೇಸಿಗೆಯಲ್ಲಿ ಕುರಿಗಳು ಬಾಯಿ ತೆರೆದು ತೇಕುವುದನ್ನು ಜೀವಮಾನವೆಲ್ಲ ಕಂಡವಳು. ಅಂಥ ಕುರಿಯ ಬಾಯಿ ಕಟ್ಟಿದರೆ ಏನಾಗುತ್ತದೆಂದು ಆಕೆಗೆ ಹೇಳಿಕೊಡಬೇಕಾಗಿರಲಿಲ್ಲ. ‘ಅಯ್ಯ, ನನ್ನ ಕೈ ಬಿದ್ದ ಹೋಗ್ಲಿ’ ಎಂದು ಕಂಬಳಿಯ ಪಕ್ಕ ನೆಲದ ಮೇಲೆ ಕುಳಿತಳು.

ಅಪ್ಪನ ಸಿಟ್ಟು ಮುಂಬಯಿ ಬಿಟ್ಟು ಆಕೆಯ ಮೇಲೆ ತಿರುಗಿತು. ‘ನನ್ನ ಮಗಳನ್ನ ಕೊಲ್ಲಾಕ ನಿಂತೀ ಏನ? ಗಂಟು ಕಟ್ಟು. ನಡಿ ಹೊರಗ!’

ಹುಚ್ಚವ್ವ ಕಂಬಳಿ ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಎದ್ದಳು. ನಾನು ಹಾಸಿಗೆಯಿಂದಲೇ ಕಿರುಚತೊಡಗಿದೆ. ಆಗ ನಮ್ಮ ಅವ್ವ, ಅಪ್ಪನೆದುರು ಎಂದೂ ಬಾಯಿ ತೆರೆಯದ ಅವ್ವ, ಬಾಗಿಲಿಗೆ ಅಡ್ಡ ಬಂದು ನಿಂತಳು.

‘ಆಕಿ ಹೋಗೂದಾದ್ರ ನಿಮ್ಮ ಮಷಿನ್ನೂ ಹೋಗ್ಲಿ. ನಿನ್ನೆ ಬಾನ್ಯಾಗ ಕೂಸಿನ್ನ ಅಪ್ಪಿಕೊಂಡು ಕುಂತದ್ದು ಮಷಿನ್ ಅಲ್ಲ.’

ಫಕ್ರುಸಾಬ ಸುಟ್ಟ ಪ್ಲಗ್ ಕೈಯಲ್ಲಿ ಹಿಡಿದು ಮೆಲ್ಲಗೆ ಹೇಳಿದ: ‘ತಪ್ಪ ನಂದೂ ಐತ್ರಿ ಸಾವ್ಕಾರ್ರ. ಮಷಿನ್ ಹಾಕಿದ ದಿನ ನಾ ನಿಮಗ ಹೇಳಿದೆ, ಗುಮಾಸ್ತರಿಗೆ ಹೇಳಿದೆ. ಹಗಲೆಲ್ಲಾ ಅದರ ಬಲ್ಲಿ ಕುಂಡ್ರೂ ಹೆಣಮಗಳಿಗೆ ಹೇಳಲಿಲ್ಲ. ನಸೀಬ ಚಲೋ ಐತಿ, ಪ್ಲಗ್ ಅಷ್ಟ ಸುಟ್ಟೈತಿ. ಈಕಿನ್ನ ಕಳಸಬ್ಯಾಡ್ರಿ. ನಾ ಕಲಸ್ತೇನಿ.’

ಅಪ್ಪ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದರು. ನಮ್ಮ ಮನೆಯಲ್ಲಿ ಅದಕ್ಕೆ ಒಪ್ಪಿಗೆ ಎಂದರ್ಥ.

ಫಕ್ರುಸಾಬ ಎರಡು ದಿನ ಇದ್ದು ಕಲಿಸಿದ. ಮಷಿನ್ನಿಗೆಂದೇ ದಪ್ಪ ವಾಯರ್ ಎಳೆದು, ಬೇರೆ ಪ್ಲಗ್ ಕೂರಿಸಿದ. ಒಮ್ಮೆ ನಿಲ್ಲಿಸಿದರೆ ಒಂದು ಎಲೆ ಅಡಿಕೆ ಅಗಿದು ಮುಗಿಯುವವರೆಗೆ ಮತ್ತೆ ಚಾಲೂ ಮಾಡಕೂಡದು ಎಂದ. ಕರೆಂಟಿನ ಏರಿಳಿತ ತಡೆಯುವ ಸ್ಟೆಬಿಲೈಜರಿನ ಮುಳ್ಳು ಕೆಂಪು ಗೆರೆಯ ಕೆಳಗಿದ್ದರೆ ಮುಟ್ಟಲೇಬಾರದು. ಗುಂಡಿ ನಡುವೆಯೇ ಇರಲಿ, ಕಟ್ಟಕಡೆಗೆ ತಿರುಗಿಸಿದರೆ ಬೇಗ ತಂಪಾಗುವುದಿಲ್ಲ, ಮಷಿನ್ ದಣಿಯುತ್ತದೆ ಅಷ್ಟೇ. ಬಾಗಿಲ ಕೆಳಗಿನ ಸಂದಿಗೆ ಬಟ್ಟೆ ತುರುಕಬೇಕು, ಕಿಟಕಿಗೆ ದಪ್ಪ ಪರದೆ ಬೇಕು. ಧೂಳು ಹಿಡಿಯುವ ಮುಂದಿನ ಜಾಳಿಗೆ ವಾರಕ್ಕೊಮ್ಮೆ ತೆಗೆದು ತಣ್ಣೀರಲ್ಲಿ ತೊಳೆದು ನೆರಳಲ್ಲಿ ಆರಿಸಬೇಕು. ಅದಕ್ಕೂ ಮೊದಲು ಸ್ವಿಚ್ ಆರಿಸಿ, ಒಣಗಿದ ಕೈಯಿಂದ ಪ್ಲಗ್ ಕೀಳಬೇಕು. ‘ಹಸಿ ಕೈ ಮುಟ್ಟಿದ್ರ ಹೆಣಾ ಬೀಳ್ತೈತಿ’ ಎಂದು ಆತ ಹೇಳಿದ ಮೇಲೆ, ಹುಚ್ಚವ್ವ ಸೆರಗಿನಿಂದ ಕೈ ಎಷ್ಟು ಒರೆಸಿಕೊಳ್ಳುತ್ತಿದ್ದಳೆಂದರೆ ಬೆರಳು ಕೆಂಪಾಗುತ್ತಿದ್ದವು.

ಇನ್ನೊಂದು ಮಾತಿಗೆ ಮಾತ್ರ ಆಕೆ ಜಗಳಕ್ಕೇ ನಿಂತಳು. ಹಿತ್ತಲಲ್ಲಿ ಇದ್ದಲು, ಉಪ್ಪು ಹಾಕಿ ಮುಚ್ಚಿದ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ದಿನಾ ನೀರು ಹಾಕಬೇಕು, ಮಣ್ಣು ಒಣಗಿದರೆ ಮಷಿನ್ನಿನ ಮೈಗೆ ಬಂದ ಕರೆಂಟು ನೆಲಕ್ಕಿಳಿಯುವುದಿಲ್ಲ ಎಂದ ಫಕ್ರುಸಾಬ.

‘ಕುಡ್ಯಾಕ ನೀರಿಲ್ಲದ ಊರಾಗ ಮಣ್ಣಿಗೆ ನೀರ ಹಾಕಬೇಕ? ತಲಿ ನೆಟ್ಟಗೈತೇನ ಸಾಬಣ್ಣ ನಿಂದು?’

‘ಮಷಿನ್ ಹನಿಸೂ ನೀರ ಹಿಡದು ಹಾಕ ಯವ್ವಾ. ಸಾಲದ್ದು ಬಾವೀದು ಹಾಕ. ಕೂಸು ಮುಟ್ಟೂ ಮಷಿನ್ ಐತದು.’

ಕೂಸು ಎಂದ ಮೇಲೆ ಆಕೆಯ ಜಗಳ ಮುಗಿಯಿತು. ಅಂದಿನಿಂದ ಮಷಿನ್ನಿನ ಕೆಳಗೆ ಒಂದು ಗಡಿಗೆ ಬಂತು.

ಹೊರಡುವ ಮುನ್ನ ಫಕ್ರುಸಾಬ ಹಿತ್ತಲ ಗೋಡೆಗೆ ಕಬ್ಬಿಣದ ಚೌಕಟ್ಟೊಂದನ್ನು ಹೊಡೆದ. ಮಷಿನ್ನಿನ ನೆತ್ತಿಯಿಂದ ಒಂದು ಮೊಳಕ್ಕೂ ಹೆಚ್ಚು ಮೇಲೆ, ಗೋಡೆಯಿಂದ ಹೊರಕ್ಕೆ ಚಾಚಿ, ಬದಿಗಳೆಲ್ಲ ಬಯಲು. ಆಮೇಲೆ ಹುಚ್ಚವ್ವನ ಕಡೆ ಕೈ ಚಾಚಿದ.

‘ಆ ಕಂಬಳಿ ಕೊಡ.’

ಆಕೆ ಹಿಂದೆ ಸರಿದಳು.

‘ನಿನ್ನ ವಿಚಾರ ತಪ್ಪಿರಲಿಲ್ಲ ಯವ್ವಾ. ಬಿಸಲ ಇದಕ್ಕೂ ಆಗೂದಿಲ್ಲ. ಆದ್ರ ಇದಕ್ಕ ನೆರಳ ಬೇಕು, ಹೊದಿಕಿ ಬ್ಯಾಡ.’

ಕಂಬಳಿ ಚೌಕಟ್ಟಿನ ಮೇಲೆ ಚಪ್ಪರವಾಯಿತು. ಕೆಳಗಿನಿಂದ ಗಾಳಿ ಆಡುತ್ತಿತ್ತು, ಮಷಿನ್ ನೆರಳಲ್ಲಿ ಓಡುತ್ತಿತ್ತು. ಹುಚ್ಚವ್ವ ಚೌಕಟ್ಟಿನ ಮೂಲೆಗೆ ಭಂಡಾರ ಹಚ್ಚಿದಳು. ಜಾಳಿಗೆಗೆ ಮಾತ್ರ ಹಚ್ಚಬೇಡ ಎಂದು ಫಕ್ರುಸಾಬ ಬಸ್ಸಿಗೆ ಹೋಗುತ್ತಾ ಇನ್ನೊಮ್ಮೆ ಕೂಗಿ ಹೇಳಿದ.

ಆಮೇಲೆ ಪ್ರತಿ ವರ್ಷ ಅದೇ ನಡೆಯಿತು. ಹೋಳಿ ಹುಣ್ಣಿಮೆ ಕಳೆಯುತ್ತಲೇ ಹುಚ್ಚವ್ವ ನಿಚ್ಚಣಿಕೆ ಹತ್ತಿ ಕಂಬಳಿ ಕಟ್ಟುವಳು. ಮೊದಲ ಮಳೆ ಬಿದ್ದ ಮೇಲೆ ಇಳಿಸಿ, ಝಾಡಿಸಿ, ಹರಿದಲ್ಲಿ ಹೊಲಿದು, ಚಳಿಗಾಲವಿಡೀ ತಾನು ಹೊದ್ದುಕೊಳ್ಳುವಳು. ಬೇಸಿಗೆ ನನ್ನದು, ಚಳಿಗಾಲ ಆಕೆಯದು. ನಾನು ಹೈಸ್ಕೂಲು ಮುಗಿಸಿದೆ, ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಿ ಪಾಸಾದೆ. ಸುಮ್ಮನೆ ಹೇಳುತ್ತಿಲ್ಲ, ಆ ವರ್ಷಗಳಲ್ಲಿ ನನಗೆ ಒಮ್ಮೆಯೂ ಫಿಟ್ಸು ಬರಲಿಲ್ಲ. ಅಪ್ಪನೂ ಮೆತ್ತಗಾದರು. ಅಂಗಡಿಯಿಂದ ಬಂದೊಡನೆ, ‘ಹುಚ್ಚವ್ವಾ, ಮಷಿನ್ ಹ್ಯಾಂಗೈತಿ?’ ಎಂದು ಕೇಳುವರು. ಅದು ಅವರು ನನ್ನನ್ನು ವಿಚಾರಿಸುವ ರೀತಿ. ಆಕೆಯನ್ನು ವಿಚಾರಿಸುವ ರೀತಿಯೂ ಅದೇ ಇದ್ದಿರಬೇಕು.

ಎಂಬತ್ತೇಳರ ಏಪ್ರಿಲ್‌ನಲ್ಲಿ ಹುಚ್ಚವ್ವ ಮಲಗಿದಳು. ಎದೆಯಲ್ಲಿ ಕಫ, ಬಿಟ್ಟುಬಿಟ್ಟು ಬರುವ ಜ್ವರ. ಹಿತ್ತಲ ಪಡಸಾಲೆಯ ಸೆಕೆಯಲ್ಲಿ ಆಕೆ ಒದ್ದಾಡುವುದನ್ನು ನೋಡಲಾರದೆ ನನ್ನ ಕೋಣೆಗೇ ಕರೆತಂದೆ. ಬಂದವಳಿಗೆ ಚಳಿ ಹತ್ತಿತು. ಮೈಯೆಲ್ಲ ನಡುಗುತ್ತಿತ್ತು. ಅವ್ವ ಎರಡು ಕೌದಿ ಹೊದಿಸಿದರೂ ಹಲ್ಲು ಕಟಕಟ ಅನ್ನುವುದು ನಿಲ್ಲಲಿಲ್ಲ.

‘ನಿನ್ನ ಕಂಬಳಿ ಬಿಚ್ಚಿಕೊಂಡು ಬರ್ತೇನಿ’ ಎಂದು ನಾನು ಎದ್ದೆ.

ಆಕೆ ನನ್ನ ಕೈ ಗಟ್ಟಿಯಾಗಿ ಹಿಡಿದಳು. ‘ಬ್ಯಾಡ ತಂಗಿ. ಅದನ್ನ ಇಳಸಬ್ಯಾಡ.’

‘ಒಂದ ದಿನಕ್ಕ ಮಷಿನ್ ಸಾಯೂದಿಲ್ಲ ಹುಚ್ಚವ್ವಾ!’

‘ಬ್ಯಾಡಂದ್ರ ಬ್ಯಾಡ. ಬ್ಯಾಸಗಿ ಮುಗೀಲಿ. ಆಮ್ಯಾಲ ಕೊಡು.’

ಎಂಥ ಹಟಮಾರಿ ಹೆಂಗಸು! ನನಗೆ ಸಿಟ್ಟು ಬಂತು, ಅಳು ಬಂತು. ಸಿಟ್ಟನ್ನೇ ತೋರಿಸಿದೆ. ಆಕೆ ನಕ್ಕು ಮಷಿನ್ನಿನ ಕಡೆ ನೋಡಿ, ‘ಸದ್ದು ಚಲೋ ಐತಿ’ ಎಂದಳು. ಅದಾಗಿ ಮೂರನೆಯ ದಿನ ಬೆಳಗಿನಲ್ಲಿ ಹೋದಳು.

ಆಕೆಯ ತಮ್ಮ ಹನಮಂತಪ್ಪ ಕುಳಗೇರಿ ಕ್ರಾಸಿನಿಂದ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಅಪ್ಪ ಅಂಗಡಿಯಲ್ಲಿದ್ದ ಎಲ್ಲಕ್ಕೂ ಮೇಲಾದ ರೇಷ್ಮೆ ಸೀರೆ ತಂದು ಆಕೆಯ ಮೇಲೆ ಹೊದಿಸಿದ್ದರು. ಹನಮಂತಪ್ಪ ಕೈ ಮುಗಿದ. ‘ಸೀರಿ ಇರ್ಲಿ ಸಾವ್ಕಾರ್ರ. ಆದ್ರ ನಮ್ಮಲ್ಲಿ ಮಣ್ಣಿಗಿಡೂದು ಕಂಬಳ್ಯಾಗ. ನಮ್ಮ ಮಾವ ಕಾಳಪ್ಪ ನೇಯ್ದದ್ದೊಂದು ಇತ್ತಲ್ರಿ?’

ಅಪ್ಪ ಹಿತ್ತಲಿಗೆ ಹೋದರು. ನಿಚ್ಚಣಿಕೆಯನ್ನು ತಾವೇ ಎತ್ತಿ ಗೋಡೆಗೆ ಆನಿಸಿ ಹತ್ತಿದರು. ಅರವತ್ತು ದಾಟಿದ ಮನುಷ್ಯ, ಉರಿಬಿಸಿಲು. ಹಗ್ಗಕ್ಕೆ ಕೈ ಹಾಕಿದಾಗ ಕೆಳಗಿನಿಂದ ಅವ್ವ, ಹುಚ್ಚವ್ವ ಆಡಿದ ಮಾತನ್ನು ಹನಮಂತಪ್ಪನಿಗೆ ಹೇಳಿದಳು. ಆತ ಓಡುವ ಮಷಿನ್ನನ್ನೂ ಅದರ ಮೇಲಿನ ಕರಿಯ ನೆರಳನ್ನೂ ತುಸು ಹೊತ್ತು ನೋಡಿದ.

‘ಇಳೀರಿ ಸಾವ್ಕಾರ್ರ. ನಮ್ಮಕ್ಕ ಬ್ಯಾಡ ಅಂದಾಳಂದ್ರ ಬ್ಯಾಡ.’

ತನ್ನ ಹೆಗಲ ಮೇಲಿನ ಕಂಬಳಿ ತೆಗೆದು ಆಕೆಗೆ ಹೊಚ್ಚಿದ. ಒಂದು ಕಾಲಕ್ಕೆ ನಡಿ ಹೊರಗೆ ಎಂದಿದ್ದ ನನ್ನ ಅಪ್ಪ ಆಕೆಗೆ ಹೆಗಲು ಕೊಟ್ಟರು. ಬಾಗಿಲು ದಾಟುವಾಗ ಅವರು ಗಟ್ಟಿಯಾಗಿ ಅತ್ತದ್ದನ್ನು ಓಣಿಯೆಲ್ಲ ಕೇಳಿತು.

ನಾನು ಹೋಗಲಿಲ್ಲ. ಹೋಗುವಂತಿರಲಿಲ್ಲ. ಆ ಬಿಸಿಲಿನಲ್ಲಿ ಓಣಿಯ ತುದಿ ಮುಟ್ಟುವುದರೊಳಗೆ ನಾನೂ ಬೀಳುತ್ತಿದ್ದೆ. ನನ್ನನ್ನು ಸಾಕಿದವಳನ್ನು ಮಣ್ಣಿಗಿಡುವಾಗ ನಾನು ಬಾಗಿಲು ಹಾಕಿಕೊಂಡು, ಸಂದಿಗೆ ಬಟ್ಟೆ ತುರುಕಿಕೊಂಡು, ತಂಪಿನಲ್ಲಿ ಕುಳಿತಿದ್ದೆ. ಈ ಮೈಯ ಮೇಲೆ ನನಗೆ ಅಷ್ಟು ಅಸಹ್ಯ ಯಾವತ್ತೂ ಆಗಿರಲಿಲ್ಲ. ಮಷಿನ್ ಆರಿಸಿಬಿಡಲೇ ಅನ್ನಿಸಿತು. ಕೈ ಗುಂಡಿಯವರೆಗೂ ಹೋಯಿತು. ಆಕೆ ಹಿಡಿದ ಹಿಡಿತ ಆ ಕೈಯಲ್ಲಿ ಇನ್ನೂ ಇತ್ತು. ಆರಿಸಲಿಲ್ಲ. ಸಂಜೆ ಬಿಸಿಲು ಇಳಿದ ಮೇಲೆ ನಿಲ್ಲಿಸಿ, ಕೈ ಒರೆಸಿಕೊಂಡು ಪ್ಲಗ್ ಕಿತ್ತು, ಜಾಳಿಗೆ ತೊಳೆದು ಆರಲು ಇಟ್ಟೆ. ಗಡಿಗೆಯ ನೀರನ್ನು ಅರ್ಥಿಂಗ್ ಗುಂಡಿಗೆ ಸುರಿದೆ.

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತು. ಮೋಡ ಮುಚ್ಚಿದ ಒಂದು ಮುಂಜಾನೆ, ತಣ್ಣನೆಯ ಗಾಳಿಯಿತ್ತು. ನಾನೇ ನಿಚ್ಚಣಿಕೆ ಹತ್ತಿ ಕಂಬಳಿ ಇಳಿಸಿದೆ. ಹನ್ನೊಂದು ಬೇಸಿಗೆಯ ಬಿಸಿಲಿಗೆ ಅದರ ಕಪ್ಪು ಬಣ್ಣ ಕಂದಾಗಿತ್ತು, ಮೈಯೆಲ್ಲ ಆಕೆಯ ಹೊಲಿಗೆ. ಝಾಡಿಸಿ, ಮಡಿಚಿ, ಎದೆಗಿಟ್ಟುಕೊಂಡು ಊರ ಹೊರಗೆ ಆಕೆಯನ್ನಿಟ್ಟ ಜಾಗಕ್ಕೆ ನಡೆದುಹೋದೆ. ಅಪ್ಪ ಹಿಂದಿನಿಂದ ಕೊಡೆ ಹಿಡಿದುಕೊಂಡು ಬಂದರು.

ಮಣ್ಣು ಒದ್ದೆಯಾಗಿ ಕುಸಿದಿತ್ತು. ಕಂಬಳಿ ಬಿಚ್ಚಿ ಅದರ ಮೇಲೆ ಹೊಚ್ಚಿದೆ. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಕಲ್ಲು ಇಟ್ಟೆ.

‘ಬ್ಯಾಸಗಿ ಮುಗೀತು ಹುಚ್ಚವ್ವಾ’ ಎಂದೆ. ‘ಇನ್ನ ಹೊಚ್ಚಿಕೋ.’